ನೀರಿನ ಪೈಪುಗಳ ತುದಿ-ಜೋಡಣೆಗಳನ್ನು ಆರಿಸುವ ಬಗೆ

ಗದಗ-ಬೆಟಗೇರಿಯ ಸುತ್ತಣ ಸೀಮೆಯು ಮಳೆಗೆ ಬಡವಾದದ್ದೆಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಇಲ್ಲಿಯ ಉಳ್ಳಾಗಡ್ಡಿ, ಮೆಣಸಿನಕಾಯಿ, ಶೇಂಗಾ ಮೊದಲಾದ ಬೆಳೆಗಳು ಕೈಗೆ ಹತ್ತಬೇಕಾದರೆ ಬಾವಿ, ಕೊಳವೆ ಬಾವಿ ಇಲ್ಲವೆ ತುಂಗಭದ್ರೆಯ ನೀರನ್ನು ಪಂಪಿನಿಂದೆತ್ತಿ ಹೊಲಕ್ಕೆ ಒಯ್ಯುವದು ಅವಶ್ಯವಾಗಿದೆ. ಇಂಥ ಕೆಲಸಕ್ಕೆ ಕೈಹಾಕುವ ಭೂಮಾಲಿಕನು ಪಂಪಿನ ಬೆಲೆಯನ್ನು ನಾಲ್ಕು ಅಂಗಡಿಗಳಲ್ಲಿ ವಿಚಾರಿಸುತ್ತಾನೆ. ಮೋಟರಿನ ಅಶ್ವಶಕ್ತಿ ಎಷ್ಟೆಂದು ಕೇಳುತ್ತಾನೆ. ಪೈಪಿನ ಅಳತೆಯನ್ನು ಕೈಯಿಂದ ಮುಟ್ಟಿ ನೋಡುತ್ತಾನೆ. ಆದರೆ ಒಂದು ಪೈಪಿನ ತುದಿಯು ಇನ್ನೊಂದಕ್ಕೆ ಹೇಗೆ ಕೂಡಬೇಕೆಂಬುದನ್ನು ಮಾತ್ರ ಮಿಸ್ತ್ರಿಯ ಇಚ್ಛೆಗೆ ಬಿಟ್ಟುಬಿಡುತ್ತಾನೆ. ನೀರಿನ ಸಾಲು ಕೆಡುವದು ಸಾಧಾರಣವಾಗಿ ಪೈಪಿನ ನಡುವಿನಲ್ಲಿ ಅಲ್ಲ, ಅದರ ತುದಿಗಳಲ್ಲಿ. ಆದಕಾರಣ ಈ ಅಲಕ್ಷ್ಯವು ಬಹು ದುಬಾರಿಯಾದದ್ದು.

ಎಷ್ಟು ದುಬಾರಿಯೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಜೋಳದ ಸಣ್ಣ ಕಾಳಿನಷ್ಟು, ಅಂದರೆ ೩ ಮಿಲಿಮೀಟರಿನ ಒಂದು ತೂತು ಜೋಡಣೆಯಲ್ಲಿ ಉಳಿದಿದೆಯೆಂದೂ ಸಾಲಿನಲ್ಲಿ ಚದರ ಸೆಂಟಿಮೀಟರಿಗೆ ೩ ಕಿಲೋಗ್ರಾಮಿನ ಒತ್ತಡವಿದೆಯೆಂದೂ ಇಟ್ಟುಕೊಂಡರೆ ತಾಸಿಗೆ ಸುಮಾರು ೩೭೫ ಲೀಟರು ನೀರು ಆ ಒಂದೇ ತೂತಿನಿಂದ ಹೋಗುತ್ತದೆ. ಪಂಪು ಏಳು ತಾಸು ನಡೆದರೆ ಎರಡೂವರೆ ಸಾವಿರ ಲೀಟರಿಗೂ ಮಿಕ್ಕಿ ಆಯಿತು. ಅರ್ಧ ಮೈಲು ಸಾಲಿನಲ್ಲಿ ನೂರಮೂವತ್ತಕ್ಕೂ ಹೆಚ್ಚು ಜೋಡಣೆಗಳಿರುತ್ತವೆ. ಅವುಗಳಲ್ಲಿ ಹತ್ತು ಸೋರಿದರೂ ಉಳ್ಳಾಗಡ್ಡಿಯ ಕೊನೆಯ ಮಡಿಗಳಿಗೆ ನೀರು ಯಾಕೆ ಮುಟ್ಟುವದಿಲ್ಲವೆಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಜೋಡಣೆಯನ್ನು ಆರಿಸುವ ಮೊದಲು ಕೆಲವು ಸಂಗತಿಗಳನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ಸಾಲಿನಲ್ಲಿ ಒತ್ತಡವೆಷ್ಟು? ಆ ಜೋಡಣೆಯನ್ನು ಮುಂದೆ ಬಿಚ್ಚಬೇಕಾದ ಪ್ರಸಂಗ ಬರುವದೋ ಇಲ್ಲವೋ? ಪೈಪು ನೆಲದೊಳಗೆ ಇರುವದೋ ಬಿಸಿಲಿನಲ್ಲಿ ಬೀಳುವದೋ? ನೆಲವು ಎರೆಯೋ ಮಸಾರಿಯೋ? ಕೆಟ್ಟಾಗ ಅದನ್ನು ಸರಿಪಡಿಸುವವನು ಊರಲ್ಲೇ ಇರುವನೋ, ಹುಬ್ಬಳ್ಳಿಯಿಂದ ಬರಬೇಕೋ? ಕೊನೆಯ ಪ್ರಶ್ನೆಯು ಚಿಕ್ಕದಾಗಿ ತೋರಿದರೂ ಬೆಳೆಯು ಒಣಗುತ್ತಿರುವ ವಾರದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದಾಗುತ್ತದೆ.

ಒತ್ತಡದ ಮಾತನ್ನು ಮೊದಲು ನೋಡಬೇಕು. ನೀರನ್ನು ೧೦ ಮೀಟರು ಎತ್ತರಕ್ಕೆ ಏರಿಸಿದರೆ ತಳದಲ್ಲಿ ಚದರ ಸೆಂಟಿಮೀಟರಿಗೆ ೧ ಕಿಲೋಗ್ರಾಮು ಒತ್ತಡ ಬೀಳುತ್ತದೆ. ಮುಂಡರಗಿ ಇಲ್ಲವೆ ಶಿರಹಟ್ಟಿ ತಾಲೂಕಿನ ಹೊಳೆದಂಡೆಯ ಒಬ್ಬ ರೈತನ ಹೊಲವು ನೀರಿನ ಮಟ್ಟಕ್ಕಿಂತ ೩೦ ಮೀಟರು ಮೇಲೂ ೬೦೦ ಮೀಟರು ದೂರವೂ ಇದೆಯೆನ್ನೋಣ. ೧೧೦ ಮಿಲಿಮೀಟರಿನ ಪಿ.ವಿ.ಸಿ. ಪೈಪಿನಲ್ಲಿ ನೀರು ಸೆಕೆಂಡಿಗೆ ೧ ಮೀಟರಿನಂತೆ ಹರಿದರೆ ತಿಕ್ಕಾಟದಿಂದ ನೂರು ಮೀಟರಿಗೆ ಸುಮಾರು ೧ ಮೀಟರಿನ ನಷ್ಟವಾಗುವದು. ಒಟ್ಟು ೩೬ ಮೀಟರು, ಅಂದರೆ ೩.೬ ಕಿಲೋ. ಅಂಗಡಿಕಾರನು ೪ ಕಿಲೋ ದರ್ಜೆಯ ಪೈಪನ್ನು ತೋರಿಸಿ ಇದು ಸಾಕೆನ್ನುವನು. ಲೆಕ್ಕವೂ ಸರಿಯಾಗಿ ಕಾಣುವದು. ಆದರೆ ವಿದ್ಯುತ್ತು ಥಟ್ಟನೆ ಹೋದಾಗ ಏರುತ್ತಿದ್ದ ನೀರು ನಿಂತು, ಹಿಂದಿರುಗಿ ಬಂದು ನಾನ್‌ರಿಟರ್ನ್ ವಾಲ್ವನ್ನು ಬಡಿಯುತ್ತದೆ. ಈ ಹೊಡೆತವು ಪಿ.ವಿ.ಸಿ. ಸಾಲಿನಲ್ಲಿ ಸುಮಾರು ೩ರಿಂದ ೪ ಕಿಲೋದಷ್ಟು ಹೆಚ್ಚಿನ ಒತ್ತಡವನ್ನು ಹುಟ್ಟಿಸಬಲ್ಲದು. ಅದೇ ವೇಗದ ನೀರು ಕಬ್ಬಿಣದ ಪೈಪಿನಲ್ಲಿ ಒಮ್ಮೆಲೇ ನಿಂತರೆ ಹೊಡೆತವು ೧೨ ಕಿಲೋಕ್ಕೂ ಏರಬಹುದು, ಯಾಕಂದರೆ ಕಬ್ಬಿಣವು ಹಿಗ್ಗಿ ಹೊಡೆತವನ್ನು ನುಂಗುವದಿಲ್ಲ. ದಿನಕ್ಕೆ ಹಲವು ಸಾರೆ ವಿದ್ಯುತ್ತು ಹೋಗಿ ಬರುವ ಕಡೆಗೆ ಈ ಹೊಡೆತವನ್ನು ತಿನ್ನುವವು ಜೋಡಣೆಗಳೇ. ಮೇಲಿನ ರೈತನು ೬ ಕಿಲೋ ದರ್ಜೆಗಿಂತ ಕಡಿಮೆಯ ಪೈಪನ್ನು ತರಲೇಬಾರದು. ಪಂಪಿನ ಹತ್ತಿರದ ತಗ್ಗಿನಲ್ಲಿ ೮ ಕಿಲೋದ್ದನ್ನು ಹಾಕುವದು ಜಾಣತನ.

ತಿರುಪಿನ ಜೋಡಣೆ

ಜಿ.ಐ. ಎಂದು ಕರೆಯುವ ಸತುವು ಲೇಪಿಸಿದ ಕಬ್ಬಿಣದ ಪೈಪುಗಳ ತುದಿಗೆ ಥ್ರೆಡ್ಡು ಹಾಕಿ, ಸಾಕೆಟ್ಟು, ಎಲ್ಬೊ, ಟೀಗಳಲ್ಲಿ ತಿರುಗಿಸಿ ಕೂಡಿಸುವ ಪದ್ಧತಿಯು ಈ ಭಾಗದಲ್ಲಿ ಎಲ್ಲಕ್ಕಿಂತ ಹಳೆಯದು, ಎಲ್ಲ ಮಿಸ್ತ್ರಿಗಳಿಗೂ ಬರುವಂಥದು. ಎರಡು ಇಂಚಿನವರೆಗಿನ ಪೈಪುಗಳಿಗೆ ಇದು ಒಳ್ಳೆಯದೇ. ಅದಕ್ಕೂ ದೊಡ್ಡ ಅಳತೆಗೆ ಪೈಪಿನ ಪಾನಾ ಹಿಡಿದು ತಿರುಗಿಸಲು ಇಬ್ಬರು ಮೂವರು ಬೇಕಾಗುವರು. ನೆಟ್ಟಗೆ ಬಿಗಿಯಾಗುವ ಭರವಸೆಯೂ ಇಲ್ಲ.

ಥ್ರೆಡ್ಡು ಹಾಕುವದೆಂದರೆ ಪೈಪಿನ ಗೋಡೆಯನ್ನು ಕೊರೆಯುವದು. ಕೊರೆದಲ್ಲಿ ಗೋಡೆಯು ತೆಳುವಾಗುವದಲ್ಲದೆ ಸತುವಿನ ಲೇಪವೂ ಹೋಗುವದು. ತುಕ್ಕು ಮೊದಲು ಹಿಡಿಯುವದು ಅಲ್ಲಿಯೇ. ಭಾರತೀಯ ಮಾನಕ ೧೨೩೯ರ ಪೈಪುಗಳಲ್ಲಿ ಹಗುರದ್ದಕ್ಕೆ ಹಳದಿ, ಮಧ್ಯಮಕ್ಕೆ ನೀಲಿ, ಭಾರದ್ದಕ್ಕೆ ಕೆಂಪು ಪಟ್ಟಿಯ ಗುರುತಿರುತ್ತದೆ. ಹಳದಿ ಪಟ್ಟಿಯ ಪೈಪಿಗೆ ಥ್ರೆಡ್ಡು ಹಾಕಿದ ಮೇಲೆ ಉಳಿಯುವ ಗೋಡೆಯು ಬಹು ಅಲ್ಪ. ಪಂಪಿನ ಸಾಲಿಗೆ ನೀಲಿಯಿಂದ ಕೆಳಗಿನದನ್ನು ಕೊಳ್ಳದಿರುವದು ಉತ್ತಮ.

ಥ್ರೆಡ್ಡುಗಳಲ್ಲಿ ಎರಡು ಕುಲಗಳಿವೆಯೆಂಬುದನ್ನು ಅನೇಕ ಮಿಸ್ತ್ರಿಗಳೂ ಅರಿಯರು. ಇಂಗ್ಲಂಡದ ಜೋಸೆಫ್ ವ್ಹಿಟ್‌ವರ್ಥನು ೧೮೪೧ರಲ್ಲಿ ತಿರುಪುಗಳಿಗೆಲ್ಲ ೫೫ ಡಿಗ್ರಿ ಕೋನದ ಒಂದೇ ಮಾದರಿಯಿರಬೇಕೆಂದು ಸೂಚಿಸಿದನು. ಅಮೇರಿಕೆಯ ವಿಲಿಯಂ ಸೆಲರ್ಸನು ೧೮೬೪ರಲ್ಲಿ ೬೦ ಡಿಗ್ರಿಯ ಬೇರೊಂದು ಮಾದರಿಯನ್ನು ಮುಂದಿಟ್ಟನು. ಆ ಒಡಕು ಇಂದಿಗೂ ಹಾಗೆಯೇ ಉಳಿದಿದೆ. ಭಾರತದ ಪೈಪುಗಳು ೫೫ ಡಿಗ್ರಿಯ ಬ್ರಿಟಿಷ್ ವಂಶದವು, ಇವಕ್ಕೆ ಬಿ.ಎಸ್.ಪಿ. ಎನ್ನುವರು. ಆದರೆ ಹನಿ ನೀರಾವರಿಯ ಕೆಲವು ಫಿಲ್ಟರು, ಗಾಳಿ ಬಿಡುವ ವಾಲ್ವು, ಒತ್ತಡ ತೋರಿಸುವ ಗಡಿಯಾರಗಳು ಎನ್.ಪಿ.ಟಿ. ಎಂಬ ಅಮೇರಿಕನ್ ಥ್ರೆಡ್ಡಿನಿಂದ ಬರುತ್ತವೆ. ಅರ್ಧ ಮತ್ತು ಮುಕ್ಕಾಲು ಇಂಚಿನ ಅಳತೆಗಳಲ್ಲಿ ಎರಡೂ ಕುಲಗಳಿಗೆ ಇಂಚಿಗೆ ೧೪ ಸುತ್ತುಗಳೇ ಇರುವದರಿಂದ ಒಂದು ಇನ್ನೊಂದರಲ್ಲಿ ಮೂರು ನಾಲ್ಕು ಸುತ್ತು ಸುಖವಾಗಿ ಹೋಗಿ ಕೂಡುತ್ತದೆ. ಕೂಡಿದ ಹಾಗೆ ಕಂಡು ಜೀವಮಾನವಿಡೀ ಸೋರುತ್ತದೆ. ಒಂದು ಇಂಚಿನಿಂದ ಎರಡು ಇಂಚಿನವರೆಗೆ ಬ್ರಿಟಿಷ್ ಥ್ರೆಡ್ಡಿಗೆ ಇಂಚಿಗೆ ೧೧ ಸುತ್ತು, ಅಮೇರಿಕನ್ ಥ್ರೆಡ್ಡಿಗೆ ಹನ್ನೊಂದೂವರೆ. ಅಲ್ಲಿ ಎರಡು ಸುತ್ತಿಗೆ ಬಿಗಿದು ನಿಲ್ಲುವದರಿಂದ ಮೋಸವು ಬೇಗ ತಿಳಿಯುವದು. ಎಷ್ಟು ಟೆಫ್ಲಾನ್ ಪಟ್ಟಿ ಸುತ್ತಿದರೂ ನಿಲ್ಲದ ಸೋರಿಕೆಯನ್ನು ಕಂಡಾಗ ಮೊದಲು ಈ ಜಾತಿಭೇದವನ್ನು ಶಂಕಿಸತಕ್ಕದ್ದು. ಎರಡರ ನಡುವೆ ಹಾಕುವ ಅಡಾಪ್ಟರುಗಳು ದೊರೆಯುತ್ತವೆ.

ಪೈಪಿನ ತುದಿಯ ಥ್ರೆಡ್ಡು ೧೬ಕ್ಕೆ ೧ರಂತೆ ಸಣ್ಣಗಾಗುತ್ತ ಹೋಗಿ, ಬೆಣೆಯಂತೆ ಒತ್ತಿ ನೀರನ್ನು ತಡೆಯುತ್ತದೆ. ಸೆಣಬಿನ ನಾರಾಗಲಿ ಟೆಫ್ಲಾನ್ ಪಟ್ಟಿಯಾಗಲಿ ಸಂದುಗಳನ್ನು ತುಂಬುವ ಸಹಾಯಕವೇ ಹೊರತು ಕೆಟ್ಟ ಥ್ರೆಡ್ಡನ್ನು ಒಳ್ಳೆಯದಾಗಿಸುವ ಔಷಧವಲ್ಲ. ಪಟ್ಟಿಯನ್ನು ತಿರುಪು ಹೋಗುವ ದಿಕ್ಕಿನಲ್ಲಿಯೇ ಸುತ್ತಬೇಕು. ವಿರುದ್ಧ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುವದು. ಹಿಂದಿನವರು ನಾರಿನ ಮೇಲೆ ಸಫೇದಾ ಎಂಬ ಸೀಸದ ಲೇಪ ಹಚ್ಚುತ್ತಿದ್ದರು. ಸೀಸವು ವಿಷ, ಜನರಾಗಲಿ ದನಗಳಾಗಲಿ ಆ ಸಾಲಿನ ನೀರು ಕುಡಿಯುವ ಸಂಭವವಿದ್ದಲ್ಲಿ ಅದನ್ನು ಬಳಸಲೇಕೂಡದು. ಪಂಪು, ವಾಲ್ವು, ಫಿಲ್ಟರುಗಳ ಬಳಿಯಲ್ಲಿ ಒಂದೊಂದು ಯೂನಿಯನ್ ಇಡದೆ ಸಾಲನ್ನು ಕಟ್ಟಿದವನು, ಪಂಪು ಕೆಟ್ಟ ದಿನ ಇಡೀ ಸಾಲನ್ನು ತುದಿಯಿಂದ ಬಿಚ್ಚುತ್ತ ಬರಬೇಕಾಗುವದು.

ಕೊಳವೆ ಬಾವಿಯೊಳಗಿನ ಸಾಲು

ಜೋಡಣೆಯ ತಪ್ಪಿಗೆ ಎಲ್ಲಕ್ಕಿಂತ ದೊಡ್ಡ ದಂಡ ತೆರಬೇಕಾಗುವದು ಇಲ್ಲಿ. ಒಂದೂವರೆ ಇಂಚಿನ ಮಧ್ಯಮ ದರ್ಜೆಯ ಜಿ.ಐ. ಪೈಪು ಮೀಟರಿಗೆ ಸುಮಾರು ಮೂರೂವರೆ ಕಿಲೋ ತೂಗುತ್ತದೆ. ಪಂಪನ್ನು ೫೦೦ ಅಡಿ ಆಳಕ್ಕೆ ಇಳಿಸಿದರೆ ಪೈಪಿನ ಭಾರವೇ ಐದೂವರೆ ಕ್ವಿಂಟಾಲು. ಒಳಗೆ ತುಂಬಿದ ನೀರು ಮತ್ತೆ ಎರಡು ಕ್ವಿಂಟಾಲು. ಪಂಪು, ಮೋಟರು, ಕೇಬಲ್ಲುಗಳು ಬೇರೆ. ಇದೆಲ್ಲವನ್ನೂ ಹೊತ್ತಿರುವದು ಅತಿ ಮೇಲಿನ ಸಾಕೆಟ್ಟಿನ ಕೆಲವೇ ಥ್ರೆಡ್ಡುಗಳು. ಅದರ ಮೇಲೆ ಮೋಟರು ಶುರುವಾದಾಗಲೆಲ್ಲ ಒಂದು ತಿರುಚು ಪೈಪಿಗೆ ಬೀಳುತ್ತದೆ. ವರುಷಗಟ್ಟಲೆ ಹೀಗೆ ತಿರುಚಿದ ಮೇಲೆ ಅರೆಬಿಗಿಯಾದ ಒಂದು ಜೋಡಣೆಯು ಬಿಚ್ಚಿಕೊಂಡರೆ ಪಂಪೂ ಮೋಟರೂ ಬಾವಿಯ ತಳ ಸೇರುತ್ತವೆ. ಮೇಲೆತ್ತಲಾಗದಿದ್ದರೆ ಕೊರೆಸಿದ ಬಾವಿಯೂ ಹೋದಂತೆಯೇ.

ಈಗ ಇಂಥ ಕಡೆಗೆ ಯು.ಪಿ.ವಿ.ಸಿ. ಕಾಲಮ್ ಪೈಪುಗಳು ಬಳಕೆಗೆ ಬಂದಿವೆ. ಇವುಗಳ ಥ್ರೆಡ್ಡು ಚೌಕಾಕಾರದ್ದು. ನೀರು ತಡೆಯುವ ಕೆಲಸವನ್ನು ಒಳಗಿನ ರಬ್ಬರು ಉಂಗುರ ಮಾಡುತ್ತದೆ, ಭಾರ ಹೊರುವ ಕೆಲಸವನ್ನು ಥ್ರೆಡ್ಡು ಮಾಡುತ್ತದೆ. ಎರಡೂ ಕೆಲಸಗಳು ಬೇರೆಬೇರೆಯಾದದ್ದು ಈ ಜೋಡಣೆಯ ಗುಣ. ತುಕ್ಕಿನ ಭಯವಿಲ್ಲ, ಭಾರವೂ ಕಡಿಮೆಯಾದದ್ದರಿಂದ ಎತ್ತಿಳಿಸುವ ಖರ್ಚು ಉಳಿಯುತ್ತದೆ. ಆದರೆ ಈ ಪೈಪುಗಳನ್ನು ಇಂತಿಷ್ಟು ಆಳಕ್ಕೆಂದು ದರ್ಜೆ ಮಾಡಿ ಮಾರುತ್ತಾರೆ. ೩೦೦ ಅಡಿಯ ಲೆಕ್ಕದಿಂದ ಕೊಂಡದ್ದಕ್ಕೆ, ನೀರು ಕೆಳಗೆ ಹೋಯಿತೆಂದು ಮುಂದಿನ ವರುಷ ಇನ್ನೂ ೨೦೦ ಅಡಿ ಕೂಡಿಸುವ ಚಾಳಿಯು ಅಪಾಯಕರವಾದದ್ದು. ಸೀಮೆಯ ಅಂತರ್ಜಲವು ಇಳಿಯುತ್ತಿರುವಾಗ ಮೊದಲೇ ಒಂದು ದರ್ಜೆ ಹೆಚ್ಚಿನದನ್ನು ತರುವದು ಯೋಗ್ಯ. ಯಾವ ಪೈಪು ಇಳಿಸಿದರೂ ಪಂಪಿಗೆ ಬೇರೊಂದು ಭದ್ರವಾದ ಹಗ್ಗವನ್ನೋ ಕಬ್ಬಿಣದ ಮಿಣಿಯನ್ನೋ ಕಟ್ಟಿ ಬಾವಿಯ ಬಾಯಿಗೆ ಬಿಗಿಯದೆ ಇಳಿಸಕೂಡದು.

ಫ್ಲೇಂಜಿನ ಜೋಡಣೆ

ಬಿಚ್ಚಬೇಕಾದ ಕಡೆಗೆ, ಮೂರು ಇಂಚು ಮತ್ತು ಅದಕ್ಕೂ ದೊಡ್ಡ ಅಳತೆಗೆ ಫ್ಲೇಂಜೇ ಸರಿ. ಎರಡು ತಟ್ಟೆಗಳ ನಡುವೆ ರಬ್ಬರು ಪ್ಯಾಕಿಂಗನ್ನಿಟ್ಟು ಬೋಲ್ಟುಗಳಿಂದ ಬಿಗಿಯುವದು ಇದರ ಕ್ರಮ. ಪಂಪಿನ ಬಾಯಿ, ದೊಡ್ಡ ವಾಲ್ವುಗಳು, ನೀರಿನ ಮೀಟರು ಇವೆಲ್ಲಕ್ಕೂ ಇದು ಒಪ್ಪುತ್ತದೆ. ಗಿರಣಿ, ಸಕ್ಕರೆ ಕಾರಖಾನೆಗಳ ಉಗಿಯ ಸಾಲುಗಳಲ್ಲಿಯೂ ಇದೇ ಇರುವದು; ಅಲ್ಲಿ ಉಳಿದ ಜೋಡಣೆಗಳನ್ನು ಬೆಸುಗೆಯಿಂದಲೇ ಮುಗಿಸಿ, ಬಿಚ್ಚಬೇಕಾದ ಸ್ಥಳಗಳಲ್ಲಿ ಮಾತ್ರ ಫ್ಲೇಂಜು ಇಡುವರು. ಈ ನಿಯಮವನ್ನು ರೈತರೂ ಅನುಸರಿಸಬಹುದು.

ಕೊಳ್ಳುವಾಗ ಮಾತ್ರ ಒಂದು ತೊಡಕುಂಟು. ನಾಲ್ಕು ಇಂಚಿನ ಫ್ಲೇಂಜು ಎಂದು ಕೇಳಿದರೆ ಅಂಗಡಿಯಲ್ಲಿ ಕಡಿಮೆಯೆಂದರೂ ಮೂರು ತರದವು ಸಿಕ್ಕಾವು. ಬ್ರಿಟಿಷ್ ಸ್ಟ್ಯಾಂಡರ್ಡ್ ೧೦ರ ಡಿ ಪಟ್ಟಿಯದಕ್ಕೆ ನಾಲ್ಕು ಬೋಲ್ಟು. ಬೋಲ್ಟಿನ ತೂತುಗಳ ವರ್ತುಲದ ವ್ಯಾಸ ೭ ಇಂಚು. ಅದೇ ಮಾನಕದ ಇ ಪಟ್ಟಿಯದಕ್ಕೆ ವರ್ತುಲ ಅಷ್ಟೇ, ಆದರೆ ಎಂಟು ಬೋಲ್ಟು. ಅಮೇರಿಕನ್ ೧೫೦ರ ದರ್ಜೆಯದಕ್ಕೂ ಎಂಟೇ ಬೋಲ್ಟು, ಆದರೆ ವರ್ತುಲ ಏಳೂವರೆ ಇಂಚು. ಒಂದು ಪಂಪಿನದು, ಇನ್ನೊಂದು ವಾಲ್ವಿನದು ಹೀಗೆ ಬೇರೆಬೇರೆ ಪಟ್ಟಿಯವು ಬಂದಾಗ ತೂತುಗಳನ್ನು ಗ್ಯಾಸಿನಿಂದ ಕೊರೆದು ದೊಡ್ಡದು ಮಾಡಿ ಸೇರಿಸುವ ಮಿಸ್ತ್ರಿಗಳಿದ್ದಾರೆ. ಹಾಗೆ ಮಾಡಿದ್ದು ಓರೆಯಾಗಿ ಬಿಗಿದು ಸೋರುವದು. ಪಂಪಿನ ಫ್ಲೇಂಜಿನ ತೂತುಗಳನ್ನು ಎಣಿಸಿ, ಎದುರುಬದುರಿನ ಎರಡು ತೂತುಗಳ ನಡುನಡುವಿನ ಅಂತರವನ್ನು ಅಳೆದು, ಚೀಟಿಯಲ್ಲಿ ಬರೆದುಕೊಂಡು ಗದಗ-ಬೆಟಗೇರಿ ಪೇಟೆಗೆ ಹೋದರೆ ಎರಡನೆಯ ಸಾರೆ ಹೋಗುವ ಬಸ್ಸಿನ ಖರ್ಚು ಉಳಿದೀತು.

ಪಂಪಿನ ಬಾಯಿಯು ಬೀಡುಕಬ್ಬಿಣದ್ದಾಗಿದ್ದು ಅದರ ಮುಖವು ಸಪಾಟಾಗಿದ್ದರೆ, ನಡುಭಾಗ ಉಬ್ಬಿದ ಉಕ್ಕಿನ ಫ್ಲೇಂಜನ್ನು ಅದಕ್ಕೆ ಬಿಗಿಯಬಾರದು. ಬೋಲ್ಟು ಎಳೆದಂತೆ ಅಂಚಿನಲ್ಲಿ ಆಸರೆಯಿಲ್ಲದೆ ಬೀಡು ಸಿಡಿಯುತ್ತದೆ. ಎರಡೂ ಸಪಾಟು ಮುಖದವಿರಬೇಕು. ಪ್ಯಾಕಿಂಗೂ ಬೋಲ್ಟಿನ ಆಚೆಯವರೆಗೆ ಇಡೀ ಮುಖವನ್ನು ಮುಚ್ಚಬೇಕು. ಬೋಲ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ, ಎರಡು ಮೂರು ಸುತ್ತುಗಳಲ್ಲಿ ಸ್ವಲ್ಪಸ್ವಲ್ಪವೇ ಬಿಗಿಯತಕ್ಕದ್ದು. ಫ್ಲೇಂಜನ್ನು ಮಣ್ಣಿನಲ್ಲಿ ಹುಗಿಯುವದು ಸಲ್ಲದು. ಬೋಲ್ಟು ತುಕ್ಕು ಹಿಡಿದ ಮೇಲೆ ಅದು ಬಿಚ್ಚುವ ಜೋಡಣೆಯಾಗಿ ಉಳಿಯುವದಿಲ್ಲ. ಇಟ್ಟಂಗಿಯ ಚಿಕ್ಕ ಗೂಡು ಕಟ್ಟಿ ಅದರಲ್ಲಿಡಬೇಕು.

ಹೀರುವ ಕಡೆಯ ಪೈಪಿನ ವಿಚಾರವೇ ಬೇರೆ. ಇಲ್ಲಿ ಜೋಡಣೆಯು ಕೆಟ್ಟರೆ ಹನಿ ನೀರೂ ಹೊರಗೆ ಕಾಣಿಸುವದಿಲ್ಲ. ಗಾಳಿಯು ಒಳಗೆ ಹೋಗುತ್ತದೆ. ಪಂಪು ನೀರನ್ನು ಬಿಡುತ್ತದೆ, ರೈತನು ಮೋಟರನ್ನು ದೂರುತ್ತಾನೆ. ಸಮುದ್ರಮಟ್ಟದಲ್ಲಿ ವಾಯುವಿನ ಒತ್ತಡವು ೩೪ ಅಡಿ ನೀರನ್ನು ಎತ್ತಬಲ್ಲದೆಂದು ಶಾಲೆಯ ಪುಸ್ತಕಗಳು ಹೇಳುತ್ತವೆ. ಗದಗು ಸಮುದ್ರಮಟ್ಟದಿಂದ ಸುಮಾರು ೬೫೦ ಮೀಟರು ಎತ್ತರದಲ್ಲಿರುವದರಿಂದ ಇಲ್ಲಿ ಅದು ೩೧ ಅಡಿಯಷ್ಟೇ; ತಿಕ್ಕಾಟ ಮೊದಲಾದವನ್ನು ಕಳೆದರೆ ಇಪ್ಪತ್ತು ಅಡಿಗಿಂತ ಹೆಚ್ಚಿನ ಆಳದಿಂದ ಹೀರುವ ಆಸೆ ಇಟ್ಟುಕೊಳ್ಳಬಾರದು. ಇಷ್ಟು ಇಕ್ಕಟ್ಟಿನ ಲೆಕ್ಕದಲ್ಲಿ ಸೂಜಿಮೊನೆಯಷ್ಟು ಸಂದೂ ಕೆಲಸ ಕೆಡಿಸಬಲ್ಲದು. ಆದುದರಿಂದ ಹೀರುವ ಸಾಲಿನಲ್ಲಿ ಜೋಡಣೆಗಳು ಆದಷ್ಟು ಕಡಿಮೆಯಿರಲಿ, ಇದ್ದವು ಫ್ಲೇಂಜಿನವಾಗಿರಲಿ. ಪಂಪು ನಡೆಯುವಾಗ ಹೊತ್ತಿಸಿದ ಊದಿನಕಡ್ಡಿಯನ್ನು ಜೋಡಣೆಯ ಸುತ್ತಲೂ ಹಿಡಿದರೆ, ಸಂದಿದ್ದ ಕಡೆಗೆ ಹೊಗೆಯು ಎಳೆದುಕೊಳ್ಳುವದು. ಪೈಪಿನ ಅಳತೆ ಕಡಿಮೆ ಮಾಡುವ ರೆಡ್ಯೂಸರಿನ ಮೇಲ್ಭಾಗವು ಸಪಾಟಾಗಿರಬೇಕು. ಇಲ್ಲವಾದರೆ ಅಲ್ಲಿ ಗಾಳಿಯ ಗುಳ್ಳೆ ಮನೆಮಾಡುವದು.

ಎರೆಭೂಮಿಯೂ ಪಿ.ವಿ.ಸಿ. ಪೈಪೂ

ಈ ಸೀಮೆಯ ಬಹುಭಾಗದ ಎರೆಯು ಹತ್ತಿ, ಕಡಲೆ, ಬಿಳಿಜೋಳಗಳಿಗೆ ತಾಯಿ. ಪೈಪಿಗೆ ಮಾತ್ರ ವೈರಿ. ಮಳೆಯಲ್ಲಿ ಉಬ್ಬುವ, ಬೇಸಿಗೆಯಲ್ಲಿ ಕುಗ್ಗಿ ಆಳುದ್ದ ಬಿರುಕು ಬಿಡುವ ಈ ಮಣ್ಣು ತನ್ನೊಳಗೆ ಹುಗಿದ ಪೈಪನ್ನು ವರುಷಕ್ಕೊಮ್ಮೆ ಎತ್ತಿ ಇಳಿಸುತ್ತದೆ, ಪಕ್ಕಕ್ಕೆ ನೂಕುತ್ತದೆ. ಅಂಟಿನಿಂದ ಕೂಡಿಸಿದ ಪಿ.ವಿ.ಸಿ. ಜೋಡಣೆಯು ಬಾಗಲಾರದು, ಇಡೀ ಸಾಲು ಒಂದೇ ಕೋಲಿನಂತಾಗಿ, ಎಲ್ಲಿ ಹೆಚ್ಚು ಎಳೆತ ಬಿತ್ತೋ ಅಲ್ಲಿ ಸೀಳುತ್ತದೆ. ಮಸಾರಿಯಲ್ಲಿ ಹತ್ತು ವರುಷ ಕೆಡದಿದ್ದ ಸಾಲನ್ನು ಕಂಡು ಅದೇ ರೀತಿಯಲ್ಲಿ ಎರೆಯಲ್ಲಿ ಹುಗಿದವನು ಎರಡನೆಯ ಬೇಸಿಗೆಯಲ್ಲಿಯೇ ಅಗೆಯಬೇಕಾಗಿ ಬರುವದು ಇದರಿಂದಲೇ.

ಎರೆಯಲ್ಲಿ ರಬ್ಬರು ಉಂಗುರದ ಜೋಡಣೆಯೇ ಮೇಲು. ಇದರಲ್ಲಿ ಪೈಪಿನ ಒಂದು ತುದಿಯು ಇನ್ನೊಂದರ ಅಗಲವಾದ ಬಾಯಿಯಲ್ಲಿ ಜಾರಿ ಕೂಡುತ್ತದೆ. ನಡುವಿನ ಉಂಗುರವು ನೀರನ್ನು ತಡೆಯುತ್ತದೆ. ಪ್ರತಿಯೊಂದು ಜೋಡಣೆಯು ಒಂದು ಡಿಗ್ರಿಯಷ್ಟು ಬಾಗಬಲ್ಲದು. ಆರು ಮೀಟರಿನ ಪೈಪಿಗೆ ಅದು ಹತ್ತು ಸೆಂಟಿಮೀಟರಿನ ಅವಕಾಶವಾಯಿತು. ಉದ್ದದಲ್ಲಿ ಹಿಗ್ಗಿ ಕುಗ್ಗಲೂ ಎಡೆಯಿದೆ. ಅದೂ ಚಿಕ್ಕ ಮಾತಲ್ಲ. ನೂರು ಮೀಟರು ಪಿ.ವಿ.ಸಿ. ಸಾಲು ಶಾಖವು ೩೦ ಡಿಗ್ರಿ ಏರಿದರೆ ಸುಮಾರು ೨೦ ಸೆಂಟಿಮೀಟರು, ಅಂದರೆ ಒಂದು ಗೇಣು ಬೆಳೆಯುತ್ತದೆ. ಕಬ್ಬಿಣವಾದರೆ ನಾಲ್ಕು ಬೆರಳಿನ ಅಗಲವೂ ಇಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಅಂಟಿಸಿ, ಆಗಲೇ ಮಣ್ಣು ಮುಚ್ಚಿ, ತಂಪು ನೀರು ಬಿಟ್ಟರೆ ಆ ಗೇಣುದ್ದವೂ ಎಳೆತವಾಗಿ ಜೋಡಣೆಗಳ ಮೇಲೆ ಬೀಳುವದು. ಮುಂಜಾನೆ ಇಲ್ಲವೆ ಸಂಜೆಯ ತಂಪಿನಲ್ಲಿ ಜೋಡಿಸುವದೂ, ಕಂದಕದಲ್ಲಿ ಪೈಪನ್ನು ನೆಟ್ಟಗೆ ಎಳೆಯದೆ ಸ್ವಲ್ಪ ಹಾವಿನಂತೆ ಇಡುವದೂ ಒಳ್ಳೆಯದು.

ಉಂಗುರದ ಜೋಡಣೆಗೆ ಒಂದು ಕೊರತೆಯಿದೆ: ಅದು ತನ್ನನ್ನು ತಾನು ಹಿಡಿದುಕೊಳ್ಳಲಾರದು. ೧೧೦ ಮಿಲಿಮೀಟರಿನ ಸಾಲಿನಲ್ಲಿ ೬ ಕಿಲೋ ಒತ್ತಡವಿದ್ದರೆ ಕಾಟಕೋನದ ಒಂದು ಬೆಂಡನ್ನು ನೀರು ಸುಮಾರು ೮೦೦ ಕಿಲೋಗ್ರಾಮಿನ, ಅಂದರೆ ಎಂಟು ಕ್ವಿಂಟಾಲಿನ ಬಲದಿಂದ ಹೊರಕ್ಕೆ ನೂಕುತ್ತದೆ. ಇದನ್ನು ಬರಿಯ ಮಣ್ಣು ತಡೆಯಲಾರದು. ತೊಯ್ದ ಎರೆಯಂತೂ ಬೆಣ್ಣೆಯಂತೆ ದಾರಿ ಬಿಡುತ್ತದೆ. ಪ್ರತಿಯೊಂದು ಬೆಂಡು, ಟೀ ಮತ್ತು ಮುಚ್ಚಿದ ತುದಿಯ ಹಿಂದೆ ಕಾಂಕ್ರೀಟಿನ ಒಂದು ದಿಂಡನ್ನು, ಅಗೆಯದ ಗಟ್ಟಿ ನೆಲಕ್ಕೆ ಆನಿಸಿ ಹಾಕತಕ್ಕದ್ದು. ಕಾಂಕ್ರೀಟಿಗೂ ಪೈಪಿಗೂ ನಡುವೆ ರಬ್ಬರಿನ ಇಲ್ಲವೆ ದಪ್ಪ ಪ್ಲಾಸ್ಟಿಕ್ಕಿನ ಹಾಳೆಯಿರಲಿ. ದಿಂಡಿಗೆ ತಗಲುವ ಸಿಮೆಂಟು ಎರಡು ಮೂರು ಚೀಲ. ಅದನ್ನು ಉಳಿಸಿ ಇಡೀ ಸಾಲನ್ನು ಕೆಡಿಸಿಕೊಂಡವರ ಸಂಖ್ಯೆ ಕಡಿಮೆಯಲ್ಲ.

ಕೂಡಿಸುವಾಗ ಪೈಪಿನ ತುದಿಯನ್ನು ಅರದಿಂದ ಓರೆ ಮಾಡಿ, ಎಷ್ಟು ಒಳಗೆ ಹೋಗಬೇಕೆಂಬ ಗುರುತು ಹಾಕಿಕೊಂಡು, ಸಾಬೂನಿನ ನೀರು ಸವರಿ ನೂಕಬೇಕು. ಗ್ರೀಜು, ಡೀಜಲು, ಎಂಜಿನ್ ಎಣ್ಣೆಗಳನ್ನು ಸವರಿದರೆ ರಬ್ಬರು ಉಬ್ಬಿ ಕೊಳೆಯುವದು. ಕಂದಕವು ಪೈಪಿನ ಮೇಲೆ ಮೂರು ಅಡಿ ಮಣ್ಣು ಬರುವಷ್ಟು ಆಳವಿರಲಿ. ಪೈಪಿನ ಕೆಳಗೂ ಸುತ್ತಲೂ ಎರೆಯ ಹೆಂಟೆಗಳ ಬದಲು ಮರಳನ್ನಾಗಲಿ ಸಣ್ಣ ಗರಸನ್ನಾಗಲಿ ತುಂಬಿದರೆ ಮಣ್ಣಿನ ನೂಕಾಟವು ಅರ್ಧಕ್ಕರ್ಧ ತಗ್ಗುವದು.

ಅಂಟಿನ ಜೋಡಣೆಯೇನು ತಿರಸ್ಕರಿಸತಕ್ಕದ್ದಲ್ಲ. ಮಸಾರಿಯಲ್ಲಿ, ಎರಡು ಮೂರು ಇಂಚಿನ ಸಾಲಿಗೆ ಅದು ಸಾಕು, ಸೋವಿಯೂ ಹೌದು. ತುದಿಗಳನ್ನು ಒರೆಸಿ, ಮರಳು ಕಾಗದದಿಂದ ತಿಕ್ಕಿ, ಎರಡೂ ಕಡೆಗೆ ತೆಳುವಾಗಿ ಅಂಟು ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ನೂಕಿ ಅರ್ಧ ನಿಮಿಷ ಹಿಡಿದಿರಬೇಕು. ಒಂದು ದಿನ ಒತ್ತಡ ಕೊಡಬಾರದು. ಬಾಯಿ ಅಗಲವಿಲ್ಲದ ಪೈಪುಗಳನ್ನು ಕಣಿಕಿಯ ಉರಿಯಲ್ಲಿ ಕಾಯಿಸಿ, ಒಂದರೊಳಗೊಂದು ತುರುಕುವ ರೂಢಿಯು ಹಲವು ಊರುಗಳಲ್ಲಿದೆ. ಹಾಗೆ ಹಿಗ್ಗಿಸಿದ ಗೋಡೆಯು ಒಂದು ಬದಿಗೆ ತೆಳ್ಳಗೆ, ಒಂದು ಬದಿಗೆ ದಪ್ಪಗೆ ಆಗುವದು. ಉರಿ ಹತ್ತಿದಲ್ಲಿ ಪಿ.ವಿ.ಸಿ. ಗಡುಸಾಗಿ ಒಡಕಿಗೆ ಸಿದ್ಧವಾಗುವದು. ಒಂದು ಕಪ್ಲಿಂಗಿನ ಬೆಲೆಯನ್ನುಳಿಸಲು ಹೂಡುವ ಈ ಉಪಾಯವು ಸೈಕಲ್ಲಿನ ಟ್ಯೂಬು ಸುತ್ತುವಲ್ಲಿಗೆ ಬಂದು ಮುಗಿಯುತ್ತದೆ.

ಕಬ್ಬಿಣಕ್ಕೂ ಪಿ.ವಿ.ಸಿ.ಗೂ ಗಂಟು ಹಾಕುವಲ್ಲಿ ಎರಡು ಮಾತು ನೆನಪಿರಲಿ. ಜಿ.ಐ. ಪೈಪನ್ನು ಒಳ ಅಳತೆಯಿಂದ ಹೆಸರಿಸುವರು, ಪಿ.ವಿ.ಸಿ.ಯನ್ನು ಹೊರ ಅಳತೆಯಿಂದ. ನಾಲ್ಕು ಇಂಚಿನ ಜಿ.ಐ. ಪೈಪಿನ ಹೊರವ್ಯಾಸ ೧೧೪ ಮಿಲಿಮೀಟರು. ಅದಕ್ಕೆ ಸಮವೆಂದು ಕೊಡುವ ಪಿ.ವಿ.ಸಿ.ಯದು ೧೧೦. ಒಂದಕ್ಕೊಂದು ನೇರವಾಗಿ ಕೂಡಲಾರವು, ನಡುವೆ ಫ್ಲೇಂಜಿನ ಟೇಲ್‌ಪೀಸ್ ಬೇಕು. ಚಿಕ್ಕ ಅಳತೆಗಳಲ್ಲಿ ತಿರುಪಿನಿಂದ ಕೂಡಿಸುವದಾದರೆ ಪ್ಲಾಸ್ಟಿಕ್ಕಿನ ಗಂಡು ತುದಿಯು ಕಬ್ಬಿಣದ ಹೆಣ್ಣು ತುದಿಯಲ್ಲಿ ಹೋಗುವಂತೆ ಮಾಡಬೇಕು. ಕಬ್ಬಿಣದ ಗಂಡು ತುದಿಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಬೆಣೆ ಹೊಡೆದ ಕಟ್ಟಿಗೆಯಂತೆ ಸೀಳುವದು. ಹಾಗೆ ಮಾಡಲೇಬೇಕಾದರೆ ಒಳಗೆ ಹಿತ್ತಾಳೆಯ ಥ್ರೆಡ್ಡು ಕೂಡಿಸಿದ ಅಡಾಪ್ಟರನ್ನು ಕೇಳಿ ತರತಕ್ಕದ್ದು. ತೆಳುಗೋಡೆಯ ಒಕ್ಕಲುತನದ ಪಿ.ವಿ.ಸಿ. ಪೈಪಿಗೆ ಥ್ರೆಡ್ಡು ಕೊರೆಯುವ ಮಾತೇ ಬೇಡ.

ಕಾಯಿಸಿ ಬೆಸೆಯುವ ಜೋಡಣೆ

ಎಚ್.ಡಿ.ಪಿ.ಇ. ಎಂಬ ಕರಿಯ ಪೈಪಿನ ಎರಡು ತುದಿಗಳನ್ನು ೨೨೦ ಡಿಗ್ರಿಯಷ್ಟು ಕಾದ ತಟ್ಟೆಗೆ ಒತ್ತಿ, ಕರಗಿದೊಡನೆ ಒಂದಕ್ಕೊಂದು ಅದುಮಿ ಹಿಡಿದರೆ ಎರಡೂ ಒಂದಾಗುತ್ತವೆ. ಸರಿಯಾಗಿ ಬೆಸೆದ ಜೋಡಣೆಯು ಪೈಪಿನಷ್ಟೇ ಗಟ್ಟಿ. ಬೆಂಡಿನ ಹಿಂದೆ ದಿಂಡು ಬೇಡ. ಎರೆಯು ಉಬ್ಬಲಿ ಕುಗ್ಗಲಿ, ಪೈಪು ಅದರೊಡನೆ ಬಾಗುವದು. ಅಚ್ಚ ಎರೆಯ ಉದ್ದ ಸಾಲಿಗೆ ಇದರಷ್ಟು ಒಪ್ಪುವದು ಮತ್ತೊಂದಿಲ್ಲ. ಚಿಕ್ಕ ಅಳತೆಯವು ಸುರುಳಿಯಾಗಿ ಬರುವದರಿಂದ ಜೋಡಣೆಗಳ ಸಂಖ್ಯೆಯೇ ಕಡಿಮೆ. ಅವನ್ನು ಕೈಯಿಂದ ಬಿಗಿಯುವ ಕಂಪ್ರೆಶನ್ ಫಿಟಿಂಗುಗಳಿಂದ ಸಾಧಾರಣ ರೈತನೂ ಕೂಡಿಸಬಲ್ಲನು. ಅಡಚಣೆಯು ದೊಡ್ಡ ಅಳತೆಗಳಲ್ಲಿ: ಯಂತ್ರ ಬೇಕು, ವಿದ್ಯುತ್ತು ಬೇಕು, ಕೈ ಪಳಗಿದವನು ಬೇಕು. ಬೆಸುಗೆಯ ಸುತ್ತ ಎರಡೂ ಬದಿಗೆ ಸಮನಾದ ಉಬ್ಬು ಎದ್ದಿದ್ದರೆ ಕೆಲಸ ನೆಟ್ಟಗಾಯಿತೆಂದು ತಿಳಿಯಬಹುದು. ತಣಿಯುವ ಮೊದಲೇ ಎಳೆದಾಡಿದ್ದು, ಧೂಳು ಬಿದ್ದದ್ದು ಹೊರಗೆ ಕಾಣದು. ಜಿ.ಐ. ಪೈಪನ್ನು ವೆಲ್ಡಿಂಗಿನಿಂದ ಕೂಡಿಸುವವರು ಮೊದಲು ತುದಿಯ ಸತುವನ್ನು ತಿಕ್ಕಿ ತೆಗೆದು, ಬಯಲು ಗಾಳಿಯಲ್ಲಿ ಕೆಲಸ ಮಾಡಬೇಕು. ಸತುವಿನ ಹೊಗೆಯು ಜ್ವರವನ್ನು ತರುವದು.

ತುಂತುರು ನೀರಾವರಿಯ ಸಾಲುಗಳಿಗೆ ಕ್ಲಾಂಪು ಹಾಕಿ ಬಿಡಿಸುವ ಜೋಡಣೆಯೇ ತಕ್ಕದ್ದು. ಶೇಂಗಾದ ಹೊಲದಲ್ಲಿ ದಿನಕ್ಕೆರಡು ಸಾರೆ ಸ್ಥಳ ಬದಲಿಸುವದಕ್ಕೆ ಬೇರಾವುದೂ ಒದಗದು. ಅವುಗಳ ರಬ್ಬರನ್ನು ಬಿಸಿಲಿಗೆ ಬಿಡದೆ, ಹಂಗಾಮು ಮುಗಿದ ಮೇಲೆ ತೆಗೆದು ನೆರಳಿನಲ್ಲಿಡಬೇಕು. ಇಲಿಗಳ ಕಾಟವೂ ಉಂಟು.

ಬೆಸುಗೆಯ ಯಂತ್ರವನ್ನು ಒಬ್ಬೊಬ್ಬ ರೈತನು ಕೊಳ್ಳುವದು ಆಗದ ಮಾತು. ಆದರೆ ಒಬ್ಬನಿಂದ ಆಗದ್ದನ್ನು ಊರು ಕೂಡಿ ಮಾಡುವ ದಾರಿಯು ಈ ಸೀಮೆಗೆ ಹೊಸದಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ೧೯೦೫ರಲ್ಲಿಯೇ ಒಕ್ಕಲಿಗರ ಸಹಕಾರ ಸಂಘವನ್ನು ಕಟ್ಟಿದರು. ಹೊಳೆದಂಡೆಯ ಹತ್ತು ಹನ್ನೆರಡು ಹಿಡುವಳಿದಾರರು ಬಿಡಿಬಿಡಿಯಾಗಿ ಹತ್ತು ತೆಳು ಸಾಲುಗಳನ್ನು ಎಳೆಯುವದಕ್ಕಿಂತ ಊರ ಸಂಘದ ಮೂಲಕ ಒಂದೇ ತರದ ಪೈಪು, ಒಂದೇ ಪಟ್ಟಿಯ ಫ್ಲೇಂಜು, ಒಂದೇ ಥ್ರೆಡ್ಡಿನ ವಾಲ್ವುಗಳನ್ನು ತರಿಸಿದರೆ ಬೆಲೆಯಲ್ಲಿ ರಿಯಾಯತಿ ಸಿಗುವದು. ಅದಕ್ಕಿಂತ ಹೆಚ್ಚಿನ ಲಾಭವು ಬೇರೆಯಿದೆ: ಒಬ್ಬನ ಸಾಲು ಒಡೆದ ರಾತ್ರಿ ಪಕ್ಕದವನ ಮನೆಯಲ್ಲಿದ್ದ ಬಿಡಿಭಾಗವು ಅದಕ್ಕೆ ಒಪ್ಪುವದು. ಊರ ಹಿರಿಯರು ಇಷ್ಟನ್ನು ಒಮ್ಮತದಿಂದ ಗೊತ್ತುಪಡಿಸಿದ್ದೇ ಆದರೆ ಅರ್ಧ ತಂಟೆಗಳು ಇಲ್ಲವಾಗುವವು.

ಸಾಲು ಮುಗಿದ ಮೇಲೆ ಮಿಸ್ತ್ರಿಗೆ ಪೂರ್ತಿ ಹಣ ಸಲ್ಲಿಸುವ ಮೊದಲು ಪರೀಕ್ಷೆಯಾಗಬೇಕು. ಪೈಪುಗಳ ನಡುಭಾಗಕ್ಕೆ ಮಾತ್ರ ಮಣ್ಣು ಮುಚ್ಚಿ, ಜೋಡಣೆಗಳನ್ನೆಲ್ಲ ತೆರೆದಿಡತಕ್ಕದ್ದು. ತಗ್ಗಿನ ತುದಿಯಿಂದ ನೀರನ್ನು ಮೆಲ್ಲಗೆ ತುಂಬುತ್ತ, ದಿನ್ನೆಯ ಮೇಲಿನ ವಾಲ್ವಿನಿಂದ ಗಾಳಿಯನ್ನೆಲ್ಲ ಹೊರಗೆ ಬಿಡಬೇಕು. ಗಾಳಿ ಉಳಿದ ಸಾಲಿಗೆ ಒತ್ತಡ ಕೊಡುವದು ಅಪಾಯ. ಆ ಬಳಿಕ ನಡೆಯುವ ಒತ್ತಡದ ಒಂದೂವರೆ ಪಟ್ಟು ಏರಿಸಿ, ಪೈಪಿನ ದರ್ಜೆಯನ್ನು ಮೀರದಂತೆ ನೋಡಿಕೊಂಡು, ಒಂದು ತಾಸು ನಿಲ್ಲಿಸಬೇಕು. ಗಡಿಯಾರದ ಮುಳ್ಳು ಇಳಿಯದೆ ಇದ್ದರೆ, ಒಂದೊಂದೇ ಜೋಡಣೆಯನ್ನು ಕೈಯಿಂದ ಸವರಿ ಒಣಗಿದ್ದನ್ನು ಕಂಡ ಮೇಲೆ, ಯಾವ ಯಾವ ಸ್ಥಳದಲ್ಲಿ ಯಾವ ಜೋಡಣೆಯಿದೆಯೆಂಬುದನ್ನು ಹೊಲದ ನಕಾಶೆಯ ಮೇಲೆ ಗುರುತು ಮಾಡಿಟ್ಟುಕೊಂಡು ಮಣ್ಣು ಮುಚ್ಚಿಸಬಹುದು.